ಖುಷ್ನೂದ್ ಬಟ್ ಎಲ್ಲಿ ಹೋದ?

ಅಕ್ಕನ ಮಗನ ಕಂಪ್ಯೂಟರಿನಲ್ಲಿ 'ಫೇಟಲ್ ಫ್ಯೂರಿ: ಸಿಟಿ ಆಫ್ ದ ವುಲ್ವ್ಸ್' ತೆರೆದಾಗ ನಾವು ಮೊದಲು ಹುಡುಕಿದ್ದು ಖುಷ್ನೂದ್ ಬಟ್‌ನನ್ನು. ಅವನು ಸಿಗಲಿಲ್ಲ. ಅವನ ದೇಹ, ಅವನ ಗಡ್ಡ, ಅವನ ಕರಾಟೆ ಎಲ್ಲವೂ ಇದ್ದವು, ಹೆಸರೊಂದು ಇರಲಿಲ್ಲ.

ಹಿನ್ನೆಲೆ ಹೇಳಬೇಕು. ಜಪಾನಿನ ಎಸ್‌ಎನ್‌ಕೆ ಕಂಪನಿ 1991ರಲ್ಲಿ 'ಫೇಟಲ್ ಫ್ಯೂರಿ' ಎಂಬ ಕಾದಾಟದ ವಿಡಿಯೋ ಗೇಮ್ ತಂದಿತು. ಅದರ ಹಿಂದಿದ್ದ ತಾಕಾಶಿ ನಿಶಿಯಾಮಾ, ಕ್ಯಾಪ್ಕಾಮ್‌ನಲ್ಲಿ ಮೊದಲ 'ಸ್ಟ್ರೀಟ್ ಫೈಟರ್' (1987) ಮಾಡಿ ಬಂದವರು. ಇಲ್ಲಿ ಅವರಿಗೆ ಹೊಡೆತದಷ್ಟೇ ಕಥೆಯೂ ಬೇಕಿತ್ತು. ಸೌತ್ ಟೌನ್ ಎಂಬ ಊರು. ಅಲ್ಲಿನ ದೊರೆ ಗೀಸ್ ಹೋವರ್ಡ್. ಟೆರ್ರಿ ಮತ್ತು ಆಂಡಿ ಎಂಬ ಇಬ್ಬರು ಅನಾಥರನ್ನು ಸಾಕಿದ ಜೆಫ್ ಬೊಗಾರ್ಡ್‌ನನ್ನು ಗೀಸ್ ಕೊಲ್ಲುತ್ತಾನೆ. ಸೇಡು ತೀರಿಸಿಕೊಳ್ಳಲು ಮಕ್ಕಳು ಬರುತ್ತಾರೆ. ಇಷ್ಟೇ ಆಗಿದ್ದರೆ ನಮ್ಮ ಯಾವುದೋ ಸಿನಿಮಾ ಆಗುತ್ತಿತ್ತು. ಆದರೆ 1995ರ 'ರಿಯಲ್ ಬೌಟ್'ನಲ್ಲಿ ಗೀಸ್ ಗೋಪುರದಿಂದ ಉರುಳಿದಾಗ ಟೆರ್ರಿ ಕೈ ಚಾಚಿ ಹಿಡಿಯುತ್ತಾನೆ. ಗೀಸ್ ಆ ಕೈ ಕೊಡವಿ ಬೀಳುತ್ತಾನೆ. ಆಮೇಲೆ ಟೆರ್ರಿ ಮಾಡಿದ್ದೇನು ಗೊತ್ತೇ? ಆ ವೈರಿಯ ಮಗ ರಾಕ್‌ನನ್ನು ತಂದು ಸಾಕಿದ.

1999ರ 'ಗಾರೂ: ಮಾರ್ಕ್ ಆಫ್ ದ ವುಲ್ವ್ಸ್' ಆ ರಾಕ್‌ನ ಕಥೆ. ಕಥೆಗಾರರಾಗಿ ನಮಗೆ ಅಸೂಯೆ ಹುಟ್ಟಿಸುವ ಸಂಗತಿ ಇಲ್ಲಿದೆ. ರಾಕ್ ಒಂದು ಮಾತೂ ಆಡದೆ ತನ್ನ ಜೀವನಚರಿತ್ರೆ ಹೇಳುತ್ತಾನೆ. ನೆಲದುದ್ದಕ್ಕೂ ಗಾಳಿಯ ಅಲೆ ಎಬ್ಬಿಸುವ 'ರೆಪ್ಪುಕೆನ್' ಹೆತ್ತ ತಂದೆಯದು; ಮೇಲಕ್ಕೆ ಚಿಮ್ಮುವ 'ರೈಸಿಂಗ್ ಟ್ಯಾಕಲ್' ಸಾಕಿದ ತಂದೆಯದು. ದ್ವೇಷಿಸುವ ಅಪ್ಪನ ವಿದ್ಯೆಯಿಂದಲೇ ಹುಡುಗ ಬದುಕಬೇಕು. ಇದನ್ನು ಹೇಳಲು ನಮಗಾದರೆ ಹತ್ತು ಪುಟ ಬೇಕಾಗುತ್ತಿತ್ತು.

ಆ ಕಥೆ ಅರ್ಧಕ್ಕೇ ನಿಂತಿತು. 2001ರಲ್ಲಿ ಎಸ್‌ಎನ್‌ಕೆ ದಿವಾಳಿಯಾಯಿತು. ಮುಂದಿನ ಭಾಗ ಬಂದದ್ದು 2025ರ ಏಪ್ರಿಲ್ 24ರಂದು. ಅದರ ನಿರ್ಮಾಪಕ ಯಾಸುಯುಕಿ ಓದಾ, ಅಂದಿನ 'ಗಾರೂ'ವಿನಲ್ಲೂ ದುಡಿದವರು.

ಆ ಹಳೆಯ ಕೈಗಳ ಗುರುತು ಕಾದಾಟದಲ್ಲಿ ಕಾಣುತ್ತದೆ. ಕೈಯಲ್ಲಿ ಬರೆದ ಚಿತ್ರಗಳು ಹೋಗಿ ಮೂರು ಆಯಾಮದ ಗೊಂಬೆಗಳು ಬಂದರೂ ಆಟದ ನಾಡಿ ಅದೇ. ಎದುರಾಳಿಯ ಏಟು ತಾಗುವ ಕೊನೆಯ ಕ್ಷಣದಲ್ಲಿ ತಡೆದರೆ ಕಳೆದುಕೊಂಡ ಪ್ರಾಣ ಸ್ವಲ್ಪ ಮರಳುತ್ತದೆ. ಅವಸರಪಟ್ಟು ಮೊದಲೇ ಕೈ ಅಡ್ಡ ಇಟ್ಟವನಿಗೆ ಆ ಲಾಭವಿಲ್ಲ. ಇನ್ನೊಂದು ನಿಯಮ ಇನ್ನೂ ಸೊಗಸು. ಕಾದಾಟಕ್ಕೆ ಮೊದಲು ನಮ್ಮ ಪ್ರಾಣದ ಪಟ್ಟಿಯಲ್ಲಿ ಮೊದಲ, ನಡುವಿನ ಅಥವಾ ಕೊನೆಯ ಭಾಗವನ್ನು ಆರಿಸಬೇಕು. ಆ ಭಾಗದಲ್ಲಿರುವಾಗ ಮಾತ್ರ ವಿಶೇಷ ಬಲ. ಅಕ್ಕನ ಮಗ ಸದಾ ಮೊದಲ ಭಾಗ ಆರಿಸುತ್ತಾನೆ, ನಾವು ಕೊನೆಯದನ್ನು. ವಯಸ್ಸಿನ ಗುಣವಿರಬೇಕು! ಹೊಸದಾಗಿ ಸೇರಿಸಿದ 'ರೆವ್' ಮಾಪಕವೂ ಚೆನ್ನಾಗಿದೆ. ಅತಿಯಾಗಿ ಬಲ ಬಳಸಿದವನು ಕಾದು ಬಿಸಿಯಾಗಿ, ಸ್ವಲ್ಪ ಹೊತ್ತು ಆ ಬಲವನ್ನೇ ಕಳೆದುಕೊಳ್ಳುತ್ತಾನೆ.

ಕಥೆಯ ಮಟ್ಟಿಗೆ ನಿರಾಸೆ. ನಕಾಶೆಯ ಮೇಲೊಂದು ಬಿಂದು ಒತ್ತು, ಕಾದಾಡು, ನಾಲ್ಕು ಸಾಲು ಓದು, ಮುಂದೆ ಹೋಗು. ಇಪ್ಪತ್ತೈದು ವರ್ಷ ಕಾದವರಿಗೆ ಬಡಿಸಿದ್ದು ಇದು.

ಹಣ ಇರಲಿಲ್ಲವೆ? ಇತ್ತು, ಬೇರೆ ಕಡೆ ಹೋಯಿತು. ಸೌದಿ ಅರೇಬಿಯಾದ ಯುವರಾಜ ಮುಹಮ್ಮದ್ ಬಿನ್ ಸಲ್ಮಾನ್ ಸ್ಥಾಪಿಸಿದ ಮಿಸ್ಕ್ ಪ್ರತಿಷ್ಠಾನ, 2022ರ ಹೊತ್ತಿಗೆ ಎಸ್‌ಎನ್‌ಕೆಯ ಶೇ. 96ರಷ್ಟು ಷೇರುಗಳ ಒಡೆತನ ಪಡೆದಿತ್ತು. ಬಿಡುಗಡೆಯ ದಿನದ 17 ಕಾದಾಟಗಾರರಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಇದ್ದಾನೆ, ರಿಯಾದ್‌ನ ಅಲ್ ನಸ್ರ್ ತಂಡದ ಅದೇ ಫುಟ್‌ಬಾಲಿಗ! ಸೌತ್ ಟೌನಿನಲ್ಲಿ ಅವನಿಗೆ ಯಾರ ಮೇಲೂ ಸೇಡಿಲ್ಲ, ಯಾರ ಋಣವೂ ಇಲ್ಲ. ಚೆಂಡು ಒದೆಯುತ್ತಾನೆ, ಅಷ್ಟೆ. 'ಗಾರೂ'ವಿನ ಕಿಮ್ ಸಹೋದರರಲ್ಲಿ ಬಿಡುಗಡೆಯ ದಿನ ಅಣ್ಣ ಮಾತ್ರ ಬಂದಿದ್ದ. ತಮ್ಮನಿಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಮನೆ ಮಗನನ್ನು ಹೊರಗಿಟ್ಟು ಅತಿಥಿಗೆ ಮಂಚ ಹಾಸಿದಂತಾಯಿತು. ನಮ್ಮ ತಕರಾರು ಸೌದಿ ದುಡ್ಡೆಂಬುದಕ್ಕಲ್ಲ. ಆ ದುಡ್ಡಿಲ್ಲದಿದ್ದರೆ ಇಂಥ ಆಟ ಬರುವುದೇ ಕಷ್ಟವಿತ್ತೇನೋ. ಕೊಂಡವರು ತಾವು ಕೊಂಡದ್ದೇನೆಂದು ಕೂತು ಓದಿದಂತೆ ಕಾಣುವುದಿಲ್ಲ, ಅದಕ್ಕೆ.

ಖುಷ್ನೂದ್‌ನ ವಿಷಯಕ್ಕೆ ಬರೋಣ. ಅವನು ಬ್ರೆಜಿಲಿನವನು. ಜಪಾನಿನಲ್ಲಿ ಮೊದಲಿನಿಂದಲೂ ಅವನ ಹೆಸರು ಮಾರ್ಕೊ ರೋಡ್ರಿಗಸ್. 'ಗಾರೂ'ವಿನ ಇಂಗ್ಲಿಷ್ ಪ್ರತಿಯಲ್ಲಿ ಮಾತ್ರ ಖುಷ್ನೂದ್ ಬಟ್. ಉರ್ದು ಶಾಲೆಯಲ್ಲಿ ಓದಿದ ನಮಗೆ ಖುಷ್ನೂದ್ ಎಂದರೆ ಸಂತುಷ್ಟ; ಬಟ್ ಎಂದರೆ ಕಾಶ್ಮೀರದ ಮನೆತನ. ಇಂಗ್ಲಿಷ್ ಬಲ್ಲ ಹುಡುಗರಿಗೆ ಅದು ದೇಹದ ಹಿಂಭಾಗದ ಹೆಸರಾಗಿ ಕೇಳಿಸಿ ನಗೆ ಬರುತ್ತಿತ್ತು. ಹೊಸ ಆಟದಲ್ಲಿ ಇಂಗ್ಲಿಷಿನವರಿಗೂ ಅವನು ಮಾರ್ಕೊ. ಬ್ರೆಜಿಲಿನವನಿಗೆ ಅವನ ಹೆಸರು ಮರಳಿತು, ನ್ಯಾಯವೇ. ಆದರೂ ರಿಯಾದ್‌ನ ಹಣದಲ್ಲಿ ಎದ್ದ ಊರಿನಿಂದ ನಮ್ಮ ಕಡೆಯದೆನಿಸುತ್ತಿದ್ದ ಒಂದು ಹೆಸರು ಮಾಯವಾಯಿತು.

ಇನ್ನೊಂದು ತಮಾಷೆ. ರೊನಾಲ್ಡೊನಂತೆ ಇಲ್ಲಿಗೆ ಅತಿಥಿಯಾಗಿ ಬಂದ ಇನ್ನೊಬ್ಬ ಸಾಲ್ವತೋರೆ ಗನಾಚಿ. ಇಟಲಿಯವನಿರಬೇಕು ಅಂದುಕೊಂಡಿದ್ದೆವು. ಅವನು ಬೋಸ್ನಿಯಾ ಮೂಲದ ಸ್ವೀಡನ್ನಿನ ಡಿಜೆ, ನಿಜನಾಮ ಎಮಿರ್ ಕೊಬಿಲಿಚ್.

ಇದನ್ನು ಹೇಳಿದಾಗ ಅಕ್ಕನ ಮಗ ತಲೆ ಎತ್ತಲಿಲ್ಲ. "ಮಾಮೂ, ಆಡ್ತೀರೋ ಇಲ್ವೋ?" ಎಂದ. ನಾವು ಮಾರ್ಕೊನನ್ನು ಆರಿಸಿ, ಪ್ರಾಣದ ಕೊನೆಯ ಭಾಗಕ್ಕೆ ಗುರುತು ಹಾಕಿ, ಮನಸ್ಸಿನಲ್ಲೇ ಹಳೆಯ ಹೆಸರಿನಿಂದ ಕರೆದೆವು. ಮೂರು ಸುತ್ತು ಸೋತೆವು.