ಒಂದೇ ಗೆರೆಯನ್ನು ನಂಬಬಾರದು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತರಿಗೆ ಮೃಗಶಿರ ಎಂದರೆ ಮಳೆಯ ಹೆಸರು; ಶೇಂಗಾ ಬಿತ್ತಲು ಹೊಲ ಹದಮಾಡಿಕೊಂಡು ಮುಗಿಲು ನೋಡುವ ಕಾಲ. ಆ ನಕ್ಷತ್ರವಿರುವ ಮಹಾವ್ಯಾಧ ಪುಂಜವನ್ನು ಮಾಗಿಯ ರಾತ್ರಿ ಊರಾಚೆ ನಿಂತು ನೋಡಿ. ಸಾಲಾಗಿ ನಿಂತ ಮೂರು ಚುಕ್ಕಿಗಳ ಕೆಳಗೆ ಮಸುಕು ಬೆಳಕಿನ ಮಚ್ಚೆಯೊಂದಿದೆ. ಸುಮಾರು 1,350 ಜ್ಯೋತಿರ್ವರ್ಷ ದೂರದ ಆ ನೀಹಾರಿಕೆಯ ಬೆನ್ನಿಗೆ ಧೂಳು ತುಂಬಿದ ದಟ್ಟ ಮೋಡ. ಅದರೊಳಗೆ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಅವುಗಳ ಸುದ್ದಿ ತಿಳಿಯಲು ಖಗೋಳಜ್ಞರು ನೆಚ್ಚಿಕೊಂಡಿರುವುದು ಅವಗೆಂಪು ಉತ್ಸರ್ಜನ ರೇಖೆಗಳನ್ನು, ಅಂದರೆ ಅನಿಲ ಗೊತ್ತಾದ ಅಲೆಯುದ್ದಗಳಲ್ಲಷ್ಟೇ ಸೂಸುವ ಬೆಳಕಿನ ಗೆರೆಗಳನ್ನು. ಈ ನೆಚ್ಚಿಕೆ ಎಷ್ಟು ಸರಿ?

ಧೂಳು ದಾಟುವುದರಲ್ಲಿ ಈ ವಿಧಾನ ನಿಜಕ್ಕೂ ಗಟ್ಟಿ. ಅಲ್ಲಿನ ಧೂಳು ನಮ್ಮ ಬಂಡಿದಾರಿಯ ಧೂಳಿನಂತೆ ದಪ್ಪವಲ್ಲ, ಹೊಗೆಯಷ್ಟು ನಯ. ಉದ್ದ ಅಲೆಯ ಬೆಳಕನ್ನು ಅಷ್ಟಾಗಿ ತಡೆಯದು. ಕಣ್ಣಿಗೆ ಕಾಣುವ ಬೆಳಕಿನ ಲಕ್ಷ ಕೋಟಿ ಪಾಲಿನಲ್ಲಿ ಒಂದನ್ನು ಮಾತ್ರ ಬಿಡುವ ಮೋಡ, 2.2 ಮೈಕ್ರಾನಿನ ಬೆಳಕಿನಲ್ಲಿ ಸುಮಾರು 16ಕ್ಕೆ ಒಂದು ಪಾಲನ್ನು ಬಿಡುತ್ತದೆ. ಲಡಾಖಿನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ 2013ರಲ್ಲಿ ಜೋಡಿಸಿದ ಟಿರ್‌ಸ್ಪೆಕ್ ಉಪಕರಣ ಓದುವುದು ಇಂಥ ಗೆರೆಗಳನ್ನೇ. ಆ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ.

ತೊಡಕಿರುವುದು ಗೆರೆಯ ಅರ್ಥದಲ್ಲಿ. ಹೈಡ್ರೋಜನ್ ಅಣುವಿನ 2.122 ಮೈಕ್ರಾನ್ ಗೆರೆ ಮಹಾವ್ಯಾಧದಲ್ಲಿ 1976ರಲ್ಲೇ ಸಿಕ್ಕಿತು. ಎಳೆಯ ನಕ್ಷತ್ರಗಳಿಂದ ಚಿಮ್ಮಿದ ಅನಿಲ ಮೋಡಕ್ಕೆ ಅಪ್ಪಳಿಸಿ ಕಾದಾಗಲೂ ಅದು ಬೆಳಗುತ್ತದೆ. ಪಕ್ಕದ ಬಿಸಿ ನಕ್ಷತ್ರದ ನೇರಳಾತೀತ ಕಿರಣ ತಾಗಿದಾಗಲೂ ಬೆಳಗುತ್ತದೆ. ಚಿತ್ರದಲ್ಲಿ ಎರಡೂ ಒಂದೇ ಹೊಳಪು. ಜೊತೆಗೆ ಅದೇ ಅಣುವಿನ 2.248 ಮೈಕ್ರಾನ್ ಗೆರೆಯನ್ನೂ ಅಳೆದರೆ ಗುಟ್ಟು ಬಯಲಾಗುತ್ತದೆ: ಅಪ್ಪಳಿಕೆಯಲ್ಲಿ ಅದು ಮೊದಲನೆಯದರ ಹತ್ತನೇ ಒಂದು ಭಾಗದಷ್ಟು, ಕಿರಣದಿಂದಾದರೆ ಅರ್ಧದಷ್ಟು. ಮೋಡ ತೀರ ದಟ್ಟವಾದರೆ ಈ ಲೆಕ್ಕವೂ ಅಲುಗುತ್ತದೆ. ಆಗ ಮೂರನೆಯ, ನಾಲ್ಕನೆಯ ಗೆರೆ ಬೇಕು.

ಇನ್ನೊಂದು ಉದಾಹರಣೆ ಇಂಗಾಲದ 158 ಮೈಕ್ರಾನ್ ಗೆರೆ; ಅದನ್ನು ವಾತಾವರಣದ ನೀರಾವಿಯೇ ನುಂಗುತ್ತದೆ. ಹಾಗಾಗಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳು ಹೈದರಾಬಾದಿನಿಂದ 100 ಸೆಂ.ಮೀ. ದೂರದರ್ಶಕವನ್ನು ಬಲೂನಿನಲ್ಲಿ ಏರಿಸಿ, ಜಪಾನಿನ ರೋಹಿತಮಾಪಕದಿಂದ ಮಹಾವ್ಯಾಧದ ನಕ್ಷೆ ತೆಗೆದರು. 2003ರಲ್ಲಿ ಅದು ಪ್ರಕಟವಾಯಿತು. ದೊಡ್ಡ ಸಾಧನೆ. ಆದರೆ ಆ ಗೆರೆಯೂ ಹಲವು ಬಗೆಯ ಅನಿಲದಿಂದ ಬರುವಂಥದ್ದು. ಅದೊಂದರಿಂದಲೇ ನಕ್ಷತ್ರಗಳ ಹುಟ್ಟನ್ನು ಎಣಿಸಲಾಗದು.

ನನ್ನ ತೀರ್ಮಾನ ಇಷ್ಟು: ವಿಧಾನ ಗಟ್ಟಿ, ಒಂಟಿ ಗೆರೆ ದುರ್ಬಲ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಶಾಲಾ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಅಲ್ಲಿ ಒಂದು ಮಧ್ಯಾಹ್ನ ಹೈಡ್ರೋಜನ್ ಅಣುವಿನ ಆ ಎರಡು ಗೆರೆಗಳ ಲೆಕ್ಕಕ್ಕೆ ಮೀಸಲಾಗಲಿ. ಮೃಗಶಿರದ ಮಳೆ ಕಾಯುವ ಮನೆಗಳ ಮಕ್ಕಳಿಗೆ ಅದು ತಲುಪಲಿ.