ಬಾವಿಯಲ್ಲಿ ಇಲ್ಲದ್ದು ಗಡಿಯಾರ

ಬೇಸಿಗೆ ಬಂತು ಅಂದ್ರೆ ಪೇಪರಿನ ಜಿಲ್ಲಾ ಪುಟದಲ್ಲಿ ಆ ಫೋಟೋ ಬಂದೇ ಬರುತ್ತದೆ. ಹೊಲದ ಬಾವಿ, ತಲೆಕೆಳಗಾಗಿ ಹಾರುತ್ತಿರುವ ನಾಲ್ಕು ಹುಡುಗರು. ಕೆಳಗೆ, ಇಂಥವರಿಗೆ ಅವಕಾಶ ಸಿಕ್ಕರೆ ಒಲಿಂಪಿಕ್ಸ್ ದೂರವಿಲ್ಲ ಅನ್ನೋ ಅರ್ಥದ ಒಂದು ಸಾಲು. ನಮ್ಮ ತೆರಕಣಾಂಬಿ ಕಡೆ ಹುಡುಗರ ಬಗ್ಗೆಯೂ ಜನ ಹೀಗೇ ಮಾತಾಡ್ತಾರೆ. ಹುಡುಗರು ಚೆನ್ನಾಗಿ ಈಜ್ತಾರೆ, ಅದರಲ್ಲಿ ಸುಳ್ಳಿಲ್ಲ. ನನ್ನ ತಕರಾರು ಆ ಅಡಿಬರಹದ ಮೇಲೆ. ಅವಕಾಶ ಅಂದರೆ ಏನು ಅಂತ ಅದನ್ನು ಬರೆದವರಿಗೆ ಗೊತ್ತಿದ್ದಂತಿಲ್ಲ. ನೀರು, ಧೈರ್ಯ, ಚಡ್ಡಿ, ಇಷ್ಟೇ ಸಾಕು ಅಂದುಕೊಂಡಿದ್ದಾರೆ.

ಸಾಲದು. ಈಜು ಕಲಿಯೋದಕ್ಕೆ ನೀರು ಬೇಕು, ಈಜುಗಾರ ಆಗೋದಕ್ಕೆ ಗಡಿಯಾರ ಬೇಕು.

ಕೊಳಗಳಲ್ಲಿ ತರಬೇತಿ ನಡೆಯುವುದು ಸೆಟ್‌ಗಳಲ್ಲಿ. ಕೋಚ್ ಹೇಳ್ತಾರೆ, ಹತ್ತು ನೂರು, ಎರಡು ನಿಮಿಷಕ್ಕೆ. ಅಂದರೆ 100 ಮೀಟರನ್ನು ಹತ್ತು ಸಲ ಈಜಬೇಕು, ಪ್ರತಿ ಎರಡು ನಿಮಿಷಕ್ಕೊಮ್ಮೆ ಹೊರಡಬೇಕು. 1:45ಕ್ಕೆ ಮುಟ್ಟಿದರೆ 15 ಸೆಕೆಂಡು ವಿರಾಮ. 1:55ಕ್ಕೆ ಮುಟ್ಟಿದರೆ ಬರೀ ಐದು. ನಮಗೆ ಇಂಟರ್ವಲ್ ಅಂದ ಕೂಡಲೇ ಟಾಕೀಸಿನ ಕಡಲೆಕಾಯಿ ನೆನಪಾಗುತ್ತದೆ, ಅದು ಬಿಡುವು ಮಾತ್ರ ಅಂದುಕೊಳ್ತೇವೆ. ಕೊಳದಲ್ಲಿ ಹಾಗಲ್ಲ. ಈಜು, ಬಿಡುವು ಎರಡೂ ಸೇರಿ ಒಂದು ಇಂಟರ್ವಲ್. ಮೊದಲ ನೂರನ್ನು ಹುಚ್ಚು ಹಿಡಿದಂತೆ ಹೊಡೆದವನಿಗೆ ಐದನೇ ನೂರಕ್ಕೆ ಬಿಡುವೇ ಉಳಿದಿರುವುದಿಲ್ಲ. ಬಾವಿಯಲ್ಲಿ ಸುಸ್ತಾದಾಗ ಕಲ್ಲು ಹಿಡಿದು ನಿಲ್ಲಬಹುದು, ಮನಸ್ಸು ಬಂದಾಗ ಮತ್ತೆ ಹೊರಡಬಹುದು. ಇಲ್ಲಿ ಹೊರಡೋ ಹೊತ್ತನ್ನು ಮನಸ್ಸು ತೀರ್ಮಾನಿಸೋದಿಲ್ಲ.

ಈ ಪದ್ಧತಿ ಮೊದಲು ಬಂದದ್ದು ಓಟಗಾರರಿಗೆ. 1930ರ ದಶಕದಲ್ಲಿ ಜರ್ಮನಿಯ ಗೆರ್ಷ್ಲರ್ ಅನ್ನೋ ಕೋಚ್, ರೈಂಡೆಲ್ ಅನ್ನೋ ವೈದ್ಯರ ಜೊತೆ ಸೇರಿ ಓಟಗಾರರ ಎದೆಬಡಿತ ಅಳೆದರು. ಓಡಿ 180ಕ್ಕೆ ಏರಿದ ಬಡಿತ 90 ಸೆಕೆಂಡಿನೊಳಗೆ 120ಕ್ಕೆ ಇಳಿಯಬೇಕು, ಇಳಿಯದಿದ್ದರೆ ಹೊರೆ ಜಾಸ್ತಿ ಆಯಿತು ಅಂತ ಲೆಕ್ಕ. ಗುಟ್ಟು ಇರುವುದು ಓಟದಷ್ಟೇ ಬಿಡುವಿನಲ್ಲೂ ಅನ್ನೋದು ಅವರ ವಾದ. ಮುಂದೆ ಆಸ್ಟ್ರೇಲಿಯಾದ ಕಾರ್ಲೈಲ್, ಅಮೆರಿಕದ ಕೌನ್ಸಿಲ್‌ಮನ್ ಥರದ ಕೋಚ್‌ಗಳು ಇದನ್ನು ಕೊಳಕ್ಕೆ ಒಗ್ಗಿಸಿದರು. ದಡದ ಮೇಲೆ ದೊಡ್ಡ ಸೆಕೆಂಡು ಮುಳ್ಳಿನ ಗಡಿಯಾರ ಬಂತು. ಅದಕ್ಕೆ ಪೇಸ್ ಕ್ಲಾಕ್ ಅಂತಾರೆ.

ಆ ಗಡಿಯಾರದ ಮೇಲೆ ನನಗೆ ತುಂಬಾ ಗೌರವ. ಕೋಚ್ 1:35ಕ್ಕೆ ಅಂದರೆ, ಮುಳ್ಳು ಮೇಲಿರುವಾಗ ಹೊರಟವನು ಮುಂದಿನ ಸಲ 35ಕ್ಕೆ ಹೊರಡಬೇಕು, ಆಮೇಲೆ 10ಕ್ಕೆ, 45ಕ್ಕೆ, 20ಕ್ಕೆ. ಉಸಿರು ಕಟ್ಟಿ ಕಣ್ಣು ಮಂಜಾಗಿರುವ ಹನ್ನೆರಡು ವರ್ಷದ ಮಗು ಈ ಲೆಕ್ಕವನ್ನು ತಲೆಯಲ್ಲೇ ಮಾಡುತ್ತದೆ. ಹಿಂದಿನವನು ಐದು ಸೆಕೆಂಡು ಬಿಟ್ಟು ಹೊರಡುತ್ತಾನೆ, ಅವನ ಲೆಕ್ಕ ಬೇರೆ. ಯಾರೂ ಸೀಟಿ ಊದೋದಿಲ್ಲ. ಈಗ ದುಡ್ಡಿರುವ ಮನೆಯ ಮಕ್ಕಳ ಕೈಗೆ ಸ್ಮಾರ್ಟ್‌ವಾಚ್ ಬಂದಿದೆ. ಗೋಡೆ ಮುಟ್ಟಿ, ಗುಂಡಿ ಹುಡುಕಿ ಒತ್ತುವಷ್ಟರಲ್ಲಿ ಒಂದೆರಡು ಸೆಕೆಂಡು ಹೋಯಿತು. ಬೋರ್ಡ್ ಹಿಡಿದು ಬರೀ ಕಾಲು ಬಡಿದರೆ ಕೈ ಆಡುವುದಿಲ್ಲ, ಹಾಗಾಗಿ ಎಷ್ಟೋ ವಾಚುಗಳು ಆ ದೂರವನ್ನು ಎಣಿಸುವುದೇ ಇಲ್ಲ. ಸಂಜೆ ಮನೆಯಲ್ಲಿ ಗ್ರಾಫ್ ನೋಡಿ ಖುಷಿಪಡೋಕೆ ಸರಿ. ಸೆಟ್ ನಡೆಸೋಕೆ ಗೋಡೆಯ ಮುಳ್ಳೇ ವಾಸಿ.

ಇಷ್ಟೊಂದು ಸೆಕೆಂಡಿನ ಚಪಲ ಯಾಕೆ ಅಂತ ಕೇಳಬಹುದು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿಗೆ ಈಜಿದರು. ಟೋಕಿಯೊ ಒಲಿಂಪಿಕ್ಸಿನ ನೇರ ಅರ್ಹತೆಗೆ ಬೇಕಿದ್ದದ್ದು 53.85. ನಡುವಿನ ಅಂತರ ಸೆಕೆಂಡಿನ ನೂರರಲ್ಲಿ ಎಂಟು ಭಾಗ. 2024ರಲ್ಲಿ ಹದಿನಾಲ್ಕರ ಧಿನಿಧಿ ದೇಸಿಂಗು ಪ್ಯಾರಿಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲನ್ನು 2:06.96ಕ್ಕೆ ಮುಗಿಸಿದಳು. ಅಂದರೆ ಪ್ರತಿ 50 ಮೀಟರಿಗೆ ಸರಾಸರಿ 32 ಸೆಕೆಂಡೂ ಇಲ್ಲ, ಅದೂ ನಾಲ್ಕು ಸಲ ಬಿಡುವಿಲ್ಲದೆ. ಆದರೂ ಸೆಮಿಫೈನಲ್ ಸಿಗಲಿಲ್ಲ. ಅಡಿಬರಹದವರು ದೂರವಿಲ್ಲ ಅನ್ನುವ ಒಲಿಂಪಿಕ್ಸ್ ಇದು.

ಹಾಗಂತ ಬಾವಿಯಲ್ಲಿ ಹೊತ್ತು ಅಳೆಯುವುದೇ ಇಲ್ಲ ಅನ್ನುವಂತಿಲ್ಲ. ಒಂದೇ ಒಂದು ಅಳತೆ ಇದೆ. 'ಮುಳುಗ್ಕೊಂಡು ಎಷ್ಟೊತ್ತು ಇರ್ತೀಯ, ಎಣಿಸ್ತೀನಿ ಇರ್ಲಾ' ಅನ್ನೋ ಪಂಥ. ದಡದಲ್ಲಿ ಒಬ್ಬ ಐವತ್ತು, ಅರವತ್ತು ಅಂತ ಎಣಿಸ್ತಾನೆ, ಕೆಳಗೆ ಒಬ್ಬ ಇರ್ತಾನೆ. ನನಗೆ ಸಿಟ್ಟು ಬರೋದು ಇದನ್ನೂ ಸಾಹಸ ಅಂತ ಬರೆಯುವಾಗ. ಮುಳುಗುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರೆಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಮೇಲೆ ಬಾ, ಉಸಿರು ತಗೋ ಅಂತ ದೇಹ ಕೂಗುವುದು ಮುಖ್ಯವಾಗಿ ಅದರಿಂದಲೇ. ಆ ಕೂಗು ತಡವಾಗುತ್ತದೆ, ಅಷ್ಟರೊಳಗೆ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪುತ್ತದೆ, ಒಂದು ಸೂಚನೆಯೂ ಇಲ್ಲದೆ. ಎಣಿಸುವವನಿಗೆ ಗೆಳೆಯ ಗೆಲ್ಲುತ್ತಿರುವಂತೆ ಕಾಣುತ್ತದೆ. ಕೊಳದ ಸೆಟ್ಟಿನಲ್ಲಿ ಹೊತ್ತು ಮುಗಿದಾಗ ತಲೆ ನೀರಿನ ಮೇಲಿರುತ್ತದೆ. ಬಾವಿಯ ಪಂಥದಲ್ಲಿ ಹೊತ್ತು ಬೆಳೆದಷ್ಟೂ ತಲೆ ಕೆಳಗೇ ಇರುತ್ತದೆ.

ಹಾಗಾದ್ರೆ ನಮ್ಮ ಹುಡುಗ ಏನು ಮಾಡಬೇಕು? ಮೈಸೂರಿನ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ. ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಮತ್ತೆ ಅರವತ್ತು ಕಿಲೋಮೀಟರ್ ಹೋಗಬೇಕು. ಸ್ಪರ್ಧೆಗೆ ತಯಾರಾಗುವವರ ಅಭ್ಯಾಸ ಬೆಳಗಾಗುವ ಹೊತ್ತಿಗೇ ಶುರು, ವಾರದಲ್ಲಿ ಐದಾರು ದಿನ. ಟೊಮೆಟೊ ಕೊಯ್ಯಲು ಆಳು ಸಿಗದ ಮನೆಯಿಂದ ಇದು ನಡೆಯುವ ಮಾತಲ್ಲ. ನಾಳೆ ತಾಲ್ಲೂಕಿಗೊಂದು ಕೊಳ ಮಂಜೂರಾಗಿ ಕಲ್ಲು ಹಾಕಿದರೂ, ಉದ್ದ ಸರಿಯಾಗಿ 25 ಮೀಟರ್ ಇದೆಯಾ, ಲೇನಿನ ಹಗ್ಗ ಇದೆಯಾ, ದಡದಲ್ಲಿ ಗಡಿಯಾರ ಇದೆಯಾ, ದಿನಾ ಬರುವ ಕೋಚ್ ಇದ್ದಾರಾ ಅಂತ ಯಾರು ಕೇಳ್ತಾರೆ? ಅಳತೆ ತಪ್ಪಿದ ಕೊಳದಲ್ಲಿ ಈಜಿದ ಹೊತ್ತನ್ನು ಯಾವುದಕ್ಕೂ ಹೋಲಿಸೋಕೆ ಬರೋದಿಲ್ಲ.

ಸದ್ಯಕ್ಕೆ ಆಗಬಹುದಾದದ್ದು ಹಾಸ್ಟೆಲ್. ಹತ್ತು ಹನ್ನೊಂದನೇ ವಯಸ್ಸಿಗೇ ನಾಲ್ಕು ಮಕ್ಕಳನ್ನು ಆರಿಸಿ ಮೈಸೂರಿನಲ್ಲಿ ಇಟ್ಟು, ಊಟ, ಶಾಲೆ, ಕೋಚಿನ ಖರ್ಚು ನೋಡಿಕೊಳ್ಳಬೇಕು. ಆರಿಸುವಾಗ ಯಾರು ಎತ್ತರದಿಂದ ಹಾರ್ತಾನೆ ಅಂತ ನೋಡಬೇಡಿ. ಎಂಟು ಸಲ 25 ಮೀಟರ್ ಈಜಿಸಿ, ನಿಮಿಷಕ್ಕೊಮ್ಮೆ ಹೊರಡಿಸಿ. ಎಂಟನೇ ಸಲದ ಹೊತ್ತನ್ನು ಮೊದಲನೆಯದರ ಪಕ್ಕ ಬರೆದಿಡಿ.