ಶೋಕವೂ ಕರುಣವೂ: ಪರದೆಯ ಮೇಲಿನ ಒಂದು ಅಂತ್ಯಯಾತ್ರೆ

ಲೋಕದಲ್ಲಿ ನಾವು ಅನುಭವಿಸುವುದು ಶೋಕ. ಕಾವ್ಯದಲ್ಲಿ ಸಹೃದಯನು ಆಸ್ವಾದಿಸುವುದು ಕರುಣ. ಒಬ್ಬನ ದುಃಖವು ಅವನೊಬ್ಬನದೆಂಬ ಕಟ್ಟನ್ನು ಕಳಚಿಕೊಂಡಲ್ಲದೆ ರಸವಾಗದೆಂಬುದೇ ಭಟ್ಟನಾಯಕನ ಸಾಧಾರಣೀಕರಣದ ತಿರುಳು. ಈ ಹಳೆಯ ವಿವೇಕವು ದೂರದರ್ಶನದ ಮುಂದೆ ಕುಳಿತವನಿಗೂ ಸಲ್ಲುವುದೇ ಎಂಬುದು ಇಲ್ಲಿಯ ವಿಚಾರ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಂಠೀರವ ಕ್ರೀಡಾಂಗಣದಲ್ಲಿ ಜನರ ದರ್ಶನಕ್ಕೆ ಇರಿಸಿದ್ದ ದೇಹವನ್ನು 31ರಂದು ಕಂಠೀರವ ಸ್ಟುಡಿಯೋದಲ್ಲಿ, ತಂದೆತಾಯಿಗಳ ಸಮಾಧಿಯ ಬಳಿ, ಮಣ್ಣು ಮಾಡಿದರು. ಮಕರಪುರದ ನಮ್ಮ ಮನೆಯಲ್ಲಿ ಆ ಮೂರು ದಿನವೂ ಕನ್ನಡ ವಾಹಿನಿಗಳ ಸದ್ದು ಅಡಗಲಿಲ್ಲ. ವರದಿಗಾರರು ಮಾತಿನ ಮೇಲೆ ಮಾತು ಹೇರಿದರು. ಅಳುವ ಮುಖಗಳನ್ನೇ ಮತ್ತೆ ಮತ್ತೆ ತೋರಿಸಿದರು. ನನ್ನ ಕಣ್ಣು ಒದ್ದೆಯಾದದ್ದು ಅಲ್ಲಿ ಅಲ್ಲ. ಅಮೆರಿಕದಲ್ಲಿದ್ದ ಮಗಳು ಬಂದು ಸೇರಲೆಂದು ಅಂತ್ಯಕ್ರಿಯೆಯನ್ನು ಮರುದಿನಕ್ಕೆ ಮುಂದೂಡಿದ್ದಾರೆಂಬ ಒಂದು ಸಾಲಿನ ಸುದ್ದಿಯಲ್ಲಿ.

ಅದಕ್ಕೆ ಕಾರಣವಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ, ಸೋಂಕಿನ ದಿನಗಳಲ್ಲಿ, ಧಾರವಾಡದಲ್ಲಿ ನಮ್ಮ ತಂದೆಯವರು ತೀರಿಕೊಂಡಾಗ ಕ್ರಿಯೆ ನನಗಾಗಿ ಕಾಯುವಂತಿರಲಿಲ್ಲ. ತಮ್ಮನು ಚಿತೆಗೆ ಬೆಂಕಿಯಿಟ್ಟುದನ್ನು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಕಂಡೆ. ಅಂದು ಅಳು ಬರಲಿಲ್ಲ. ಹಾಗಾದರೆ ಅಕ್ಟೋಬರಿನ ಕಣ್ಣೀರು ಯಾರದು? ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನು ಅಭಿನವಗುಪ್ತನು ರಸವಿಘ್ನಗಳಲ್ಲಿ ಎಣಿಸಿದ್ದಾನೆ. ಆ ಲೆಕ್ಕದಲ್ಲಿ ನನ್ನದು ಬರಿಯ ಶೋಕ.

ಆದರೆ ರನ್ನನನ್ನು ನೋಡಿರಿ. ಗದಾಯುದ್ಧದ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ, ಮಗ ಲಕ್ಷಣಕುಮಾರನ ಬಳಿ ನಿಂತು, ಮಗನು ತಂದೆಗೆ ತರ್ಪಣ ಕೊಡಬೇಕಾದ ಕ್ರಮವೇ ತಲೆಕೆಳಗಾಯಿತೆಂದು ಮರುಗುತ್ತಾನೆ. ಅದೇ ನಡಿಗೆಯಲ್ಲಿ ಶತ್ರುವಿನ ಮಗನಾದ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ಸ್ವಂತ ನೋವು ಅವನನ್ನು ಮುಚ್ಚಲಿಲ್ಲ, ಅನ್ಯರ ಕಡೆಗೆ ತೆರೆಯಿತು. ಆದಕಾರಣ ಸ್ವಂತ ದುಃಖವು ಯಾವಾಗಲೂ ವಿಘ್ನವಲ್ಲ. ಕೆಲವೊಮ್ಮೆ ಅದೇ ಬಾಗಿಲು. ದೂರದ ಊರಿನಿಂದ ಹೊರಟ ಮಗಳನ್ನು ನೆನೆದಾಗ ನಾನು ನನ್ನನ್ನಷ್ಟೇ ಅಲ್ಲ, ಮನೆಗೆ ಸಕಾಲದಲ್ಲಿ ತಲುಪದ ಮಕ್ಕಳೆಲ್ಲರನ್ನೂ ನೆನೆದೆ.

ರಸವನ್ನು ಹೆಸರಿಟ್ಟು ಹೇಳಿದ ಮಾತ್ರಕ್ಕೆ ಅದು ಹುಟ್ಟದೆಂದು ಆನಂದವರ್ಧನನು ಎಂದೋ ಹೇಳಿದನು. ವಾಹಿನಿಗಳು ಎಡವಿದ್ದು ಇಲ್ಲಿಯೇ. 2022ರ ಅಕ್ಟೋಬರ್ 28ರಂದು ತೆರೆಕಂಡ, ಅಮೋಘವರ್ಷ ನಿರ್ದೇಶಿಸಿದ 'ಗಂಧದ ಗುಡಿ' ಸಾಕ್ಷ್ಯಚಿತ್ರದಲ್ಲಿ ಪುನೀತ್ ಪಾತ್ರವಾಗಿ ಅಲ್ಲ, ತಾವಾಗಿಯೇ ಕಾಣುತ್ತಾರೆ. ಅದರ ವಿಷಯ ಕರ್ನಾಟಕದ ಕಾಡು, ಕಡಲು, ಜನ, ಮರಣವಲ್ಲ. ಆದರೂ ಅವರು ನಗುತ್ತ ಮರಗಳ ನಡುವೆ ನಡೆಯುವುದನ್ನು ಕಂಡಾಗ ಎದೆ ಭಾರವಾಗುತ್ತದೆ. ಹೇಳದೆ ಬಿಟ್ಟುದನ್ನು ನೋಡುವವನೇ ತುಂಬಿಕೊಳ್ಳುತ್ತಾನೆ.

ನಾಡಿನಿಂದ ದೂರವಿರುವ ನಮಗೆ ಇನ್ನೂ ಎಷ್ಟೋ ಸಾವುಗಳು ಪರದೆಯ ಮೂಲಕವೇ ಬರಲಿವೆ. ಅವುಗಳ ಮುಂದೆ ತುಸು ಹೊತ್ತು ಸದ್ದನ್ನು ಅಡಗಿಸಿ ಕುಳಿತುಕೊಳ್ಳುವುದಾದರೆ, ಅಲ್ಲಿಯೂ ಕರುಣಕ್ಕೆ ಎಡೆಯುಂಟೆಂದು ನನ್ನ ನಂಬಿಕೆ.